ನೆನಪಿನ ಕಟ್ಟಳೆ

ಮಂಡ್ಯ ಸೀಮೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರೆಂಬ ಗ್ರಾಮದಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ಒಂದು ಬೇಟೆನಾಯಿಯ ಸಲುವಾಗಿ ಕಲ್ಲನ್ನು ನಿಲ್ಲಿಸಿದರು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದು, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ಗೆಲವಿನ ಉತ್ಸಾಹದಲ್ಲಿದ್ದ ಕಾಲ ಅದು, ಎಂದರೆ ಕ್ರಿ.ಶ. 949ರ ಸುಮಾರು. ಆ ಕಾಳಗದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಹೊನ್ನನ್ನಾಗಲಿ ಮಣ್ಣನ್ನಾಗಲಿ ಬೇಡದೆ ಕಾಳಿ ಎಂಬ ಹೆಸರಿನ ನಾಯಿಯನ್ನು ಬೇಡಿ ಪಡೆದನು. ಮುಂದೊಂದು ದಿನ ಆ ನಾಯಿ ಕಾಡುಹಂದಿಯೊಂದರೊಡನೆ ಸೆಣಸಿ, ಎರಡೂ ಒಟ್ಟಿಗೆ ಸತ್ತವು. ಮಣಲೆರನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನೆಡಿಸಿ, ಅದಕ್ಕೆ ಭೂಮಿಯನ್ನು ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆಯನ್ನು ಸಲ್ಲಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಿದನು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿಯೂ ಹಂದಿಯೂ ಇಂದಿಗೂ ಮೂತಿಗೆ ಮೂತಿ ಕೊಟ್ಟು ಕಾದುತ್ತಿವೆ. ನಾಯಿಯ ಹೆಸರನ್ನು ಹಳಗನ್ನಡದ ಲಿಪಿಯನ್ನು ಬಲ್ಲವರು ಯಾರು ಬೇಕಾದರೂ ಓದಬಹುದು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕಾಗಿದೆ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನು ಘೋರವಾದ ಕ್ಷಾಮವು ಹೊಕ್ಕಿತು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷದೊಳಕ್ಕೆ ಇಳಿದಿತ್ತು. ಅಷ್ಟೊಂದು ಜನರಲ್ಲಿ ಒಬ್ಬರ ಹೆಸರನ್ನಾದರೂ ಇಂದು ಊರಿನವರು ಹೇಳಬಲ್ಲರೇ? ನಾನು ಸುತ್ತಾಡಿದ ಗ್ರಾಮಗಳಲ್ಲಿ ವೀರಗಲ್ಲುಗಳನ್ನೂ ಮಾಸ್ತಿಕಲ್ಲುಗಳನ್ನೂ ಕಂಡಿದ್ದೇನೆ. ಕ್ಷಾಮದಲ್ಲಿ ಸತ್ತವರಿಗಾಗಿ ನೆಟ್ಟ ಒಂದು ಕಲ್ಲನ್ನೂ ಕಂಡಿಲ್ಲ. ‘ಧಾತು ಬರ’ ಎಂಬ ಮಾತು ಮಾತ್ರ ಎರಡು ಮೂರು ತಲೆಮಾರಿನವರೆಗೆ ಮುದುಕಿಯರ ಬಾಯಲ್ಲಿ ಉಳಿದುಬಂತು. ಅದಕ್ಕೂ ಒಂದು ಮಿತಿಯಿತ್ತು. ನಮ್ಮ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರತಕ್ಕವು: ಧಾತು 1936ರಲ್ಲಿ ಮತ್ತೆ ಬಂದಿತು, 1996ರಲ್ಲಿ ಮತ್ತೊಮ್ಮೆ ಬಂದಿತು. ಯಾವ ಪಂಚಾಂಗವು ಆ ಸಂಕಟಕ್ಕೆ ಹೆಸರನ್ನು ಕೊಟ್ಟು ಕಾಪಾಡಿತೋ ಅದೇ ಪಂಚಾಂಗವು, ಚಕ್ರ ಒಂದು ಸುತ್ತು ತಿರುಗಿದೊಡನೆ, ಹಳೆಯ ಹೆಸರಿನ ಮೇಲೆ ಹೊಸ ಯುಗಾದಿಯನ್ನು ತಂದು ಕೂರಿಸಿತು.

ದುಃಖದ ತೀವ್ರತೆಯೇ ನೆನಪಿನ ಬಾಳಿಕೆಯನ್ನು ನಿರ್ಣಯಿಸುವಂತಿದ್ದರೆ, ನಾಯಿಯನ್ನು ಮರೆತು ಮನುಷ್ಯರನ್ನು ನೆನೆಯಬೇಕಾಗಿತ್ತು. ಹಾಗಾಗಲಿಲ್ಲ. ಕಾಳಿಗೆ ಒಂದು ಕಲ್ಲಿತ್ತು, ಹೊಲವಿತ್ತು, ದಿನಕ್ಕೊಮ್ಮೆ ಅದನ್ನು ನೆನೆಯದೆ ತುತ್ತೆತ್ತಲಾರದ ಒಬ್ಬ ಮನುಷ್ಯನಿದ್ದನು. ಕ್ಷಾಮದ ಹೆಣಗಳಿಗೆ ಅಂಥದೊಂದೂ ಇರಲಿಲ್ಲ. ನೆನಪೆಂಬುದು ವ್ಯಕ್ತಿಯ ತಲೆಯೊಳಗಿನ ಉಗ್ರಾಣವೆಂದೂ, ಅನುಭವಗಳು ಅದರೊಳಕ್ಕೆ ತಾವಾಗಿಯೇ ಬಂದು ತುಂಬಿಕೊಳ್ಳುತ್ತವೆಂದೂ, ಜಾಣನ ಉಗ್ರಾಣ ದೊಡ್ಡದು, ದಡ್ಡನದು ಚಿಕ್ಕದೆಂದೂ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ನಾನು ಹೇಳಬೇಕೆಂದಿರುವುದು ಬೇರೆ. ಒಂದು ಸಂಗತಿಯನ್ನು ಬಾಯಿಬಿಟ್ಟು ಹೇಳುವುದಕ್ಕೆ ಸಮಾಜವು ಎಲ್ಲಿ ಸಂದರ್ಭವನ್ನೂ ರೂಪವನ್ನೂ ಕಲ್ಪಿಸಿಕೊಟ್ಟಿದೆಯೋ ಅಲ್ಲಿ ಸ್ಮರಣೆ ಬೇರೂರುತ್ತದೆ. ಎಲ್ಲಿ ಕಲ್ಪಿಸಿಲ್ಲವೋ ಅಲ್ಲಿ, ಅನುಭವವು ಎಷ್ಟೇ ಬಲವಾಗಿದ್ದರೂ, ಅದು ಅನುಭವಿಸಿದವನೊಡನೆಯೇ ಮಣ್ಣಾಗುತ್ತದೆ.

ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ಟನು 1932ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ವಿಷಯಕ್ಕೆ ಬೆಳಕು ಚೆಲ್ಲುವ ಎರಡು ಪ್ರಸಂಗಗಳನ್ನು ಹೇಳುತ್ತಾನೆ. ಆಫ್ರಿಕದ ಸ್ವಾಜಿ ಜನರು ವಿಸ್ಮಯಕರವಾದ ಜ್ಞಾಪಕಶಕ್ತಿಯುಳ್ಳವರೆಂಬ ಪ್ರತೀತಿಯನ್ನು ಕೇಳಿ, ಅಲ್ಲಿಗೆ ಹೋಗಿದ್ದ ಅವನು ಅದನ್ನು ಪರೀಕ್ಷಿಸಿದಾಗ, ಒಬ್ಬ ದನಗಾಹಿ ತನ್ನ ಯಜಮಾನನು ಒಂದು ವರ್ಷದ ಹಿಂದೆ ಕೊಂಡ ದನಗಳನ್ನು ಒಂದೊಂದಾಗಿ, ಬಣ್ಣ, ಗುರುತು, ಕೊಟ್ಟವರು, ಕೊಟ್ಟ ಬೆಲೆಗಳೊಡನೆ ಹೇಳಿಕೊಂಡು ಹೋದನು. ಯಜಮಾನನ ಲೆಕ್ಕದ ಪುಸ್ತಕವನ್ನು ತೆಗೆದು ತಾಳೆ ನೋಡಿದರೆ ತಪ್ಪಿದ್ದುದು ಎಲ್ಲೋ ಒಂದೆರಡು ಅಲ್ಪ ವಿವರ. ಅದೇ ಜನಾಂಗದ ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಇಪ್ಪತ್ತೈದು ಮಾತುಗಳಷ್ಟು ಸಂದೇಶವನ್ನು ಕೊಟ್ಟು ಊರಿನ ಆ ತುದಿಗೆ ತಲಪಿಸೆಂದು ಕಳುಹಿಸಿದಾಗ, ಅವನು ಇಂಗ್ಲೆಂಡಿನ ಯಾವ ಹುಡುಗನಿಗಿಂತಲೂ ಮೇಲೆನಿಸಲಿಲ್ಲ. ದನವೆಂಬುದು ಆ ಜನರಿಗೆ ಐಶ್ವರ್ಯ, ಮಾನ, ಮದುವೆ, ಮಾತುಕತೆ; ಸಂಜೆ ನಾಲ್ವರು ಕೂತರೆ ಅವರ ನಾಲಗೆ ಹೊರಳುವುದು ದನದ ಸುತ್ತ. ಸಂದೇಶವನ್ನು ಕಳುಹಿಸಿದ್ದು ಪರದೇಶದ ಪಂಡಿತನ ಕುತೂಹಲ. ಇದೇ ಗ್ರಂಥದಲ್ಲಿ ಬಾರ್ಟ್ಲೆಟ್ಟನು ಅಮೆರಿಕದ ಮೂಲನಿವಾಸಿಗಳ ಭೂತಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ದಿನ ತಿಂಗಳುಗಳನ್ನು ಬಿಟ್ಟು ಅದನ್ನು ಮತ್ತೆ ಮತ್ತೆ ಬರೆಯಿಸಿದನು. ಕಥೆಯ ಮರದ ದೋಣಿ ಸಾಮಾನ್ಯ ದೋಣಿಯಾಯಿತು. ಸೀಲ್ ಬೇಟೆಗೆ ಹೋದವರು ಮೀನು ಹಿಡಿಯಲು ಹೋದರು. ಭೂತಗಳು ಒಂದೊಂದಾಗಿ ಮಾಯವಾದವು. ಅವರಾರೂ ಸುಳ್ಳು ಹೇಳಲಿಲ್ಲ. ತಮ್ಮ ನಾಡಿನ ಕಥೆ ಹೇಗಿರತಕ್ಕದ್ದೋ ಹಾಗೆ ಅದನ್ನು ನೆನೆದರು.

ಇದಕ್ಕೂ ಏಳು ವರ್ಷ ಮೊದಲು, 1925ರಲ್ಲಿ, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸನು ಮನುಷ್ಯನ ಸ್ಮರಣೆಗೆ ಕುಟುಂಬ, ಮತ, ವರ್ಗಗಳೆಂಬ ಸಾಮಾಜಿಕ ಚೌಕಟ್ಟುಗಳೇ ಆಧಾರವೆಂದು ಪ್ರತಿಪಾದಿಸಿದ್ದನು. ಆ ಮಹಾನುಭಾವನು 1945ರಲ್ಲಿ ನಾಜಿಗಳ ಬೂಕನ್‌ವಾಲ್ಡ್ ಶಿಬಿರದಲ್ಲಿ ಸತ್ತನೆಂಬುದನ್ನು ನೆನೆದಾಗ, ಅವನ ಸಿದ್ಧಾಂತವನ್ನು ತಣ್ಣಗೆ ಕುಳಿತು ಚರ್ಚಿಸುವುದು ನನಗೆ ಸುಲಭವಾಗಿಲ್ಲ.

ಸಂಸ್ಕೃತಿಯು ನೆನಪಿನ ವಸ್ತುವನ್ನು ಆರಿಸಿಕೊಡುವುದಲ್ಲದೆ, ‘ನೆನಪಿಟ್ಟುಕೊಳ್ಳುವುದು’ ಎಂದರೇನೆಂಬುದನ್ನೂ ತಾನೇ ಗೊತ್ತುಮಾಡುತ್ತದೆ. ಇದನ್ನು ನೋಡಲು ಸಮುದ್ರವನ್ನು ದಾಟಬೇಕಾಗಿಲ್ಲ. ನಮ್ಮ ನೆಲದಲ್ಲಿಯೇ ಎರಡು ದಾರಿಗಳು ಒಂದರ ಪಕ್ಕದಲ್ಲೊಂದು ಹರಿದು ಬಂದಿವೆ. ಮೊದಲನೆಯದು ವೇದಾಧ್ಯಯನದ ದಾರಿ. ಶಿಷ್ಯನು ಸಂಹಿತೆಯನ್ನು ಕಲಿತು, ಅದನ್ನು ಪದಗಳಾಗಿ ಬಿಡಿಸಿ, ಮುಂದೆ ಕ್ರಮ, ಜಟೆ, ಘನಗಳೆಂಬ ಪಾಠಗಳಿಗೆ ಏರುತ್ತಾನೆ. ಘನದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಪದಗಳನ್ನು ಹೆಣೆದು, ಅಲ್ಲಿಂದ ಒಂದು ಪದ ಮುಂದಕ್ಕೆ ಸರಿದು ಮತ್ತೆ ಅದೇ ಹೆಣಿಗೆಯನ್ನು ಹಾಕಬೇಕು. ಲೆಕ್ಕ ಹಾಕಿ ನೋಡಿದರೆ ನಡುವಣ ಒಂದೊಂದು ಪದವೂ ಹದಿಮೂರು ಸಲ ನಾಲಗೆಯ ಮೇಲೆ ಬಂದಿರುತ್ತದೆ. ಹಿಂದುಮುಂದಾಗಿ ಹೇಳಿದಾಗ ಅರ್ಥ ಒಡೆದುಹೋಗುವುದರಿಂದ, ಅರ್ಥದ ಸೆಳೆತಕ್ಕೆ ಸಿಕ್ಕಿ ಒಂದು ಪದದ ಸ್ಥಾನದಲ್ಲಿ ಮತ್ತೊಂದನ್ನು ಹೇಳಿಬಿಡುವ ಸಂಭವವೇ ಇರುವುದಿಲ್ಲ. ಬಾರ್ಟ್ಲೆಟ್ಟನ ಓದುಗರು ಯಾವ ದಾರಿಯಲ್ಲಿ ತಪ್ಪಿದರೋ ಆ ದಾರಿಯನ್ನೇ ನಮ್ಮ ಪೂರ್ವಿಕರು ಮುಚ್ಚಿದ್ದರು. ಇಲ್ಲಿ ಸ್ವರವೊಂದು ಜಾರಿದರೂ ದೋಷ. ಸ್ಮರಣೆಯೆಂದರೆ ಅಕ್ಷರದ ತದ್ವತ್ತು.

ಎರಡನೆಯದು ಗಾಯಕನ ದಾರಿ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಬಳಿಯ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ತುಳುನಾಡಿನ ಸಹೋದ್ಯೋಗಿಗಳ ಮುಂದೆ ತುಳುವಿನ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಾಗಿತ್ತು. ಅವರು ಅದನ್ನು ಯಾವ ಹೊತ್ತಿಗೆಯಿಂದಲೂ ಉರು ಹಾಕಿದವರಲ್ಲ. ಗದ್ದೆಯ ಕೆಲಸದಲ್ಲಿ ಒಂದಷ್ಟು, ಸಿರಿಜಾತ್ರೆಯ ಇರುಳಿನಲ್ಲಿ ಇನ್ನಷ್ಟು, ಸಂದರ್ಭವು ಕೇಳಿದಷ್ಟನ್ನು ಹಾಡುತ್ತ ಬಂದವರು. ಇಂಥ ಗಾಯಕನ ಮನಸ್ಸಿನಲ್ಲಿರುವುದು ಸಿದ್ಧಪಾಠವಲ್ಲ, ಕಥೆಯ ನಡೆ, ಮತ್ತೆ ಮತ್ತೆ ಬಳಸುವ ನುಡಿಗಟ್ಟು, ವರ್ಣನೆಯ ಬಗೆಗಳು ಇವೆಲ್ಲ ಕೂಡಿದ ಒಂದು ಮಾನಸಿಕ ಪಠ್ಯವೆಂದು ಹಾಂಕೊ ಹೇಳಿದರು. 1933ರಿಂದ 1935ರವರೆಗೆ ಯುಗೊಸ್ಲಾವಿಯದ ವೀರಗಾಥೆಗಳನ್ನು ಧ್ವನಿಮುದ್ರಿಸಿದ ಮಿಲ್ಮನ್ ಪ್ಯಾರಿಯೂ ಅವನ ಶಿಷ್ಯ ಆಲ್ಬರ್ಟ್ ಲಾರ್ಡನೂ ಕಂಡದ್ದು ಇದನ್ನೇ. ಕೇಳಿದ ಹಾಡನ್ನು ಮಾತಿಗೆ ಮಾತು ಹಾಗೆಯೇ ಹಾಡುತ್ತೇನೆಂದು ಅಲ್ಲಿನ ಗಾಯಕನು ಆಣೆಯಿಟ್ಟಂತೆ ಹೇಳುತ್ತಾನೆ. ಮುದ್ರಿಕೆಗಳನ್ನು ಹೋಲಿಸಿದರೆ ಮಾತುಗಳು ಬೇರೆಯಾಗಿರುತ್ತವೆ. ಅವನನ್ನು ಸುಳ್ಳನೆನ್ನುವುದು ಅನ್ಯಾಯ. ಅವನ ಲೋಕದಲ್ಲಿ ‘ಹಾಗೆಯೇ’ ಎಂಬುದಕ್ಕೆ ಕಥೆಗೆ ನಿಷ್ಠನಾಗಿ ಎಂದು ಅರ್ಥ. ಘನಪಾಠಿಯನ್ನೂ ಪಾಡ್ದನದ ಗಾಯಕನನ್ನೂ ಒಂದೇ ಅಳತೆಗೋಲಿನಿಂದ ಅಳೆದು, ಒಬ್ಬನ ಜ್ಞಾಪಕ ಹೆಚ್ಚು, ಇನ್ನೊಬ್ಬನದು ಕಡಿಮೆ ಎನ್ನುವವನು ಇಬ್ಬರನ್ನೂ ಅರಿತವನಲ್ಲ.

ಇವೆರಡರ ನಡುವೆ ನಮ್ಮ ಷಟ್ಪದಿಯೂ ನಿಂತಿದೆ. ಗದುಗಿನ ಭಾರತದ ಭಾಮಿನಿಯಲ್ಲಿ ಮೂರು ನಾಲ್ಕರ ಗಣಗಳು ಕಾಲಿಗೆ ಲಯವನ್ನು ಕೊಟ್ಟರೆ, ಪ್ರತಿ ಪಾದದ ಎರಡನೆಯ ಅಕ್ಷರದ ಪ್ರಾಸವು ಮುಂದಿನ ಸಾಲಿನ ಬಾಗಿಲನ್ನು ತೆರೆದಿಡುತ್ತದೆ. ಅಕ್ಷರವನ್ನು ಕಾಣದ ಮುದುಕರು ಪದ್ಯದ ಮೇಲೆ ಪದ್ಯವನ್ನು ಒಪ್ಪಿಸುತ್ತಿದ್ದುದಕ್ಕೆ ಅವರ ಮೆದುಳಿನಷ್ಟೇ ಈ ಪ್ರಾಸವೂ ಕಾರಣ. ಕೂಲಿಮಠದ ಹುಡುಗರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ರಾಗವಾಗಿ ಹೇಳುತ್ತಿದ್ದುದೂ ಅಂಥದೇ. ರಾಗ ಹೋಯಿತು, ಮಗ್ಗಿಯೂ ಹೋಯಿತು. ‘ಈಗಿನ ಮಕ್ಕಳಿಗೆ ಜ್ಞಾಪಕವೇ ಇಲ್ಲ’ ಎಂಬ ದೂರನ್ನು ಮಾತ್ರ ನಾವು ಉಳಿಸಿಕೊಂಡೆವು. ಆ ದೂರು ಮಕ್ಕಳ ಮೇಲೆ ಸಲ್ಲತಕ್ಕದ್ದಲ್ಲ.

ಭಾಷೆಯು ನೆನಪಿನೊಳಕ್ಕೆ ಎಷ್ಟು ಆಳವಾಗಿ ಇಳಿಯುತ್ತದೆಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಗೂಗು ಇಮಿಥಿರ್ ಜನರ ಒಂದು ಉದಾಹರಣೆಯುಂಟು. ಕಾಂಗರೂ ಎಂಬ ಮಾತನ್ನು ಲೋಕಕ್ಕೆ ಕೊಟ್ಟ ಭಾಷೆ ಅದು. ಆ ಭಾಷೆಯಲ್ಲಿ ಎಡ, ಬಲ, ಮುಂದೆ, ಹಿಂದೆ ಎಂದು ಸ್ಥಳವನ್ನು ಸೂಚಿಸುವ ಪದ್ಧತಿಯಿಲ್ಲ. ಏನನ್ನು ಹೇಳಿದರೂ ದಿಕ್ಕುಗಳನ್ನು ಹಿಡಿದೇ ಹೇಳಬೇಕು. ಅಲ್ಲಿನ ವೃದ್ಧನೊಬ್ಬನು ತನ್ನ ದೋಣಿ ಮಗುಚಿ, ತಾನು ಈಜಿ ದಡ ಸೇರಿದ ಕಥೆಯನ್ನು 1980ರಲ್ಲಿ ಒಬ್ಬ ವಿದ್ವಾಂಸನ ಮುಂದೆ ಹೇಳಿದಾಗ ಪಶ್ಚಿಮಕ್ಕೆ ಮುಖ ಮಾಡಿ ಕುಳಿತಿದ್ದನು. ದೋಣಿ ಮಗುಚಿದ ಬಗೆಯನ್ನು ಕೈಯನ್ನು ಮುಂದಕ್ಕೆ ಹೊರಳಿಸಿ ತೋರಿಸಿದನು. ಎರಡು ವರ್ಷಗಳ ಮೇಲೆ ಅದೇ ಕಥೆಯನ್ನು ಇನ್ನೊಬ್ಬ ವಿದ್ವಾಂಸನಿಗೆ ಹೇಳುವಾಗ ಅವನ ಮುಖ ಉತ್ತರಕ್ಕಿತ್ತು. ಈ ಸಲ ಅವನ ಕೈ ಬಲದಿಂದ ಎಡಕ್ಕೆ ಹೊರಳಿತು. ಎರಡು ಸಲವೂ ದೋಣಿ ಮಗುಚಿದ್ದು ಮೂಡಣದಿಂದ ಪಡುವಣಕ್ಕೆ! ಸಾವಿನ ಬಾಯಲ್ಲಿದ್ದ ಆ ಕ್ಷಣದಲ್ಲಿಯೂ ಅವನ ಮನಸ್ಸು ದಿಕ್ಕನ್ನು ಗುರುತು ಹಾಕಿಕೊಂಡಿತ್ತು; ಏಕೆಂದರೆ ಮುಂದೊಂದು ದಿನ ಆ ಕಥೆಯನ್ನು ಹೇಳಬೇಕಾದ ಭಾಷೆ ಅದನ್ನು ಬಯಸುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ತೆಂಕಲ ಹೊಲ, ಬಡಗಲ ಕೇರಿ ಎನ್ನುವವರನ್ನು, ಪಂಕ್ತಿಯಲ್ಲಿ ‘ಕೊಂಚ ಮೂಡಲಕ್ಕೆ ಸರಿದು ಕೂಡಿ’ ಎನ್ನುವ ಹಿರಿಯರನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಅಂಥ ಹಿರಿಯರು ಐವತ್ತು ವರ್ಷದ ಹಿಂದಿನ ಮದುವೆಯನ್ನು ಕುರಿತು ಮಾತನಾಡುವಾಗ ಹಸೆಮಣೆಯನ್ನು ಯಾವ ದಿಕ್ಕಿಗೆ ಹಾಕಿದ್ದರೆಂಬುದನ್ನು ತಡವರಿಸದೆ ಹೇಳುವುದನ್ನು ನಾನೇ ಕೇಳಿದ್ದೇನೆ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಮೆದುಳು ಮನುಷ್ಯಮಾತ್ರರಿಗೆಲ್ಲ ಒಂದೇ ಅಲ್ಲವೇ? ಶೈಶವದ ಮೊದಲ ವರ್ಷಗಳು ಯಾರಿಗೂ ನೆನಪಿರುವುದಿಲ್ಲವೆಂಬುದು ದೇಹಧರ್ಮವೇ ಹೊರತು ದೇಶಾಚಾರವಲ್ಲವಲ್ಲ? ಮಾತು ನಿಜ, ಆದರೆ ಅರ್ಧ ನಿಜ. ತಮಗೆ ನೆನಪಿರುವ ಅತಿ ಹಿಂದಿನ ಘಟನೆ ಯಾವುದೆಂದು ವಿವಿಧ ದೇಶದವರನ್ನು ಕೇಳಿದ ಸಂಶೋಧಕರಿಗೆ, ಅಮೆರಿಕದವರು ಸುಮಾರು ಮೂರೂವರೆ ವರ್ಷದ ಪ್ರಾಯದ ಸಂಗತಿಯನ್ನು ಹೇಳಿದರೆ, ಚೀನದವರು ಅದಕ್ಕಿಂತ ಕೆಲವು ತಿಂಗಳು ತಡವಾದುದನ್ನು ಹೇಳಿದರು. ನ್ಯೂಜಿಲೆಂಡಿನ ಮಾವೊರಿಗಳು ಮೂರು ತುಂಬುವುದಕ್ಕೆ ಮುಂಚಿನದನ್ನೇ ಹೇಳಿದರು. ಅಮೆರಿಕದ ತಾಯಿ ಮಗುವಿನೊಡನೆ, ‘ಆಗ ನಿನಗೇನೆನ್ನಿಸಿತು’ ಎಂದು ಕೆದಕಿ ಕೆದಕಿ ಮಾತನಾಡುತ್ತಾಳೆ. ಚೀನದ ತಾಯಿಗೆ ಮಗು ನಾಲ್ವರೊಡನೆ ಹೇಗೆ ನಡೆದುಕೊಂಡಿತೆಂಬುದು ಮುಖ್ಯ. ವಂಶಾವಳಿಯನ್ನು ಪವಿತ್ರವೆಂದು ಭಾವಿಸುವ ಮಾವೊರಿ ಮನೆಗಳಲ್ಲಿ ಮಗು ಹುಟ್ಟಿದ ದಿನದ ಕಥೆಯೂ ಮನೆಯ ಕಥೆಯೇ. ದೇಹವು ಭೂಮಿಯನ್ನು ಕೊಡುತ್ತದೆ; ಅದರಲ್ಲಿ ಯಾವ ತಿಂಗಳಲ್ಲಿ ಏನನ್ನು ಬಿತ್ತಬೇಕೆಂಬುದನ್ನು ಮನೆಯ ಮಾತು ನಿರ್ಣಯಿಸುತ್ತದೆ.

ನೆನಪಿಗೆ ಇರುವಂತೆ ಮರೆವಿಗೂ ಕಟ್ಟಳೆಗಳಿವೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಈ ಸಂಗತಿ. ಶ್ರಾದ್ಧದಲ್ಲಿ ಮೂರು ತಲೆಗಳನ್ನು ಹೆಸರಿಸಬೇಕು: ತಂದೆ ವಸುರೂಪ, ತಾತ ರುದ್ರರೂಪ, ಮುತ್ತಾತ ಆದಿತ್ಯರೂಪ. ಮನೆಯಲ್ಲಿ ಇನ್ನೊಬ್ಬ ಹಿರಿಯನು ತೀರಿಕೊಂಡು, ಸಪಿಂಡೀಕರಣದಲ್ಲಿ ಪಿತೃಗಳ ಪಂಕ್ತಿಗೆ ಸೇರಿದನೆಂದರೆ, ಆ ತುದಿಯಲ್ಲಿದ್ದವನು ಹೆಸರನ್ನು ಕಳಚಿಟ್ಟು ಆಚೆಗೆ ಸರಿಯುತ್ತಾನೆ. ಯಾವ ಮನೆಯವನನ್ನು ಬೇಕಾದರೂ ಕೇಳಿ ನೋಡಿ: ಮುತ್ತಾತನ ಹೆಸರು ತಟ್ಟನೆ ಬರುತ್ತದೆ, ಅವರ ತಂದೆಯ ಹೆಸರಿಗೆ ಮಾತು ನಿಲ್ಲುತ್ತದೆ. ಸ್ಮರಣೆಗಾಗಿಯೇ ಏರ್ಪಟ್ಟ ವಿಧಿಯು ಎಲ್ಲಿಯವರೆಗೆ ಸ್ಮರಿಸಬೇಕೆಂಬುದನ್ನೂ ಗೊತ್ತುಮಾಡಿದೆ. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಕುಳಿತು ಒಕ್ಕಲಿನ ಮನೆಗೆ ಬರುವ ಹೆಳವನು ಇನ್ನೂ ಬಹು ಹಿಂದಕ್ಕೆ ಹೋಗುತ್ತಾನೆ. ವಂಶದವರು ಯಾವ ಊರಿನಿಂದ ಬಂದರು, ಮನೆದೇವರು ಯಾರು, ಬೆಡಗು ಯಾವುದು, ಯಾರ ಮಗನು ಯಾರೆಂಬುದನ್ನು ರಾಗವಾಗಿ ಹೇಳಿ, ಕಾಳುಕಡಿಯನ್ನು ಪಡೆದು ಮುಂದಿನ ಮನೆಗೆ ನಡೆಯುತ್ತಾನೆ. ಆದರೆ ಅವನ ಹೊತ್ತಿಗೆಯೂ ಗಂಡು ಸಂತಾನದ ಹಾದಿಯನ್ನೇ ಹಿಡಿದು ನಡೆಯತಕ್ಕದ್ದು. ಮದುವೆಯಾಗಿ ಹೊರಟ ಮಗಳು ಆ ಹಾದಿಯಿಂದಲೂ ಹೊರಡುತ್ತಾಳೆ.

ಹಾಗೆಂದು ಇದು ಮನುಷ್ಯಸ್ವಭಾವವೆಂದು ಯಾರೂ ತಿಳಿಯಬಾರದು. ಘಟ್ಟವನ್ನಿಳಿದರೆ ಸಾಕು. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದ ತುಳುವರು ತಮ್ಮ ಬಳಿಯನ್ನು, ಎಂದರೆ ಕುಲವನ್ನು, ತಾಯಿಯಿಂದ ಪಡೆಯುತ್ತಾರೆ. ಅಜ್ಜಿಯ ಅಜ್ಜಿಯ ಕಡೆಗೆ ಅವರ ನೆನಪು ಸರಾಗವಾಗಿ ಹರಿಯುತ್ತದೆ. ಆ ನೆಲದ ಸಿರಿ ಪಾಡ್ದನವು ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ-ದಾರಗರೆಂದು ಮೂರು ತಲೆಮಾರಿನ ಹೆಂಗಸರ ಕಥೆಯನ್ನು ಹೇಳುವುದು ಆಕಸ್ಮಿಕವಲ್ಲ. ಶ್ರಾದ್ಧದ ಮೂರು ಗಂಡಸರ ಎದುರಿಗೆ ಈ ಮೂರು ತಲೆಮಾರಿನ ಹೆಂಗಸರನ್ನು ನಿಲ್ಲಿಸಿದಾಗ, ಯಾರನ್ನು ನೆನೆಯಬೇಕೆಂಬುದು ರಕ್ತವು ಮಾಡಿದ ನಿರ್ಣಯವಲ್ಲವೆಂಬುದು ಕಣ್ಣಿಗೆ ಕಟ್ಟುತ್ತದೆ.

ನನ್ನ ತಾಯಿಯ ಮೊದಲ ವರ್ಷದ ಶ್ರಾದ್ಧದಂದು ಪುರೋಹಿತರು ತಾಯಿಯ ಹೆಸರನ್ನೂ ತಂದೆಯ ತಾಯಿಯ ಹೆಸರನ್ನೂ ಹೇಳಿಸಿ, ‘ಪ್ರಪಿತಾಮಹಿಯ ಹೆಸರು?’ ಎಂದು ಕೇಳಿದರು. ನನ್ನ ತಾಯಿಯನ್ನು ಹೆತ್ತವಳಿಗೆ ಅಂದಿನ ಮೂವರಲ್ಲಿ ಸ್ಥಳವಿಲ್ಲ, ಮಹಾಲಯವನ್ನು ಕಾಯಬೇಕು. ಸ್ಥಳವಿದ್ದ ಮುತ್ತಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಅಣ್ಣನ ಮುಖವನ್ನು ನೋಡಿದೆ. ಅವನು ಒಳಗಿನ ಬಾಗಿಲ ಕಡೆ ನೋಡಿದನು. ಎಂಬತ್ತು ದಾಟಿದ ಸೋದರತ್ತೆ ಅಲ್ಲಿ ನಿಂತಿದ್ದರು. ‘ದೊಡ್ಡಜ್ಜಿ ಅಂತಲೇ ಕರೀತಿದ್ದೆವಪ್ಪ. ಅವರ ತೊಡೆಯ ಮೇಲೆ ಮಲಗಿದ್ದೇನೆ. ಹೆಸರು ಹಿಡಿದು ಕರೆಯೋರು ಯಾರಿದ್ದರು?’ ಎಂದರು. ಪುರೋಹಿತರು ಒಂದು ಕ್ಷಣ ಕಾದು, ಹೆಸರು ತಿಳಿಯದಾಗ ಹೇಳುವುದನ್ನು ಹೇಳಿಸಿ ಮುಂದಕ್ಕೆ ನಡೆದರು.

ಊಟವಾದ ಮೇಲೆ ಅತ್ತೆ ಯಾರಿಗೂ ಹೇಳದೆ ಅಟ್ಟದಿಂದ ಒಂದು ಹಿತ್ತಾಳೆಯ ಕೊಳದಪ್ಪಲೆಯನ್ನು ಇಳಿಸಿಕೊಂಡು, ಹಿತ್ತಲಿನ ಕಲ್ಲಿನ ಮೇಲಿಟ್ಟು, ಹುಣಿಸೆಹಣ್ಣು ಹಾಕಿ ತಿಕ್ಕುತ್ತ ಕುಳಿತರು. ದೊಡ್ಡಜ್ಜಿಯ ತವರಿನವರು ಮದುವೆಯಲ್ಲಿ ಕೊಟ್ಟದ್ದಂತೆ. ಕಂಠದ ಸುತ್ತ, ಅಂದಿನ ವಾಡಿಕೆಯಂತೆ ಚುಕ್ಕೆಚುಕ್ಕೆಯಾಗಿ ಕೊರೆಯಿಸಿದ್ದ ಅಕ್ಷರಗಳು ಕಪ್ಪಿನೊಳಗಿಂದ ಒಂದೊಂದಾಗಿ ಎದ್ದುಬಂದವು. ನಾನು ಬಗ್ಗಿ ಓದಿದೆ. ಮೊದಲು ತವರಿನ ಊರು, ಆಮೇಲೆ ಹೆಸರಿನ ಎರಡು ಅಕ್ಷರ. ಮುಂದಿನದು, ದಿನವೂ ಬೆಳಗಿದ ಕೈಗಳ ಕೆಳಗೆ, ನುಣ್ಣಗೆ ಸವೆದುಹೋಗಿತ್ತು.